ಹತ್ತು ಗುಂಟೆಯಲ್ಲಿ ಮೀನುಕೊಳ: ನೆಲ ಒಪ್ಪುತ್ತದೆಯೇ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ತಲೆಮಾರುಗಳ ಪಾಲು ಪಾರೀಖತ್ತಿನಿಂದಾಗಿ ಅನೇಕ ಹಿಡುವಳಿಗಳು ಹತ್ತು ಹದಿನೈದು ಗುಂಟೆಗೆ ಇಳಿದಿವೆ. ಅಂಥ ತುಂಡು ನೆಲದಲ್ಲಿ ರಾಗಿಯನ್ನೋ ಟೊಮೆಟೊವನ್ನೋ ಬೆಳೆದು ಕೈಸೋತ ಕುಟುಂಬಗಳಿಗೆ ಮೀನುಕೊಳವೊಂದು ಹೊಸ ದಾರಿಯಾಗಿ ಕಾಣುವುದು ಸಹಜ. ಸಂತೆಯಲ್ಲಿ ಸಿಹಿನೀರಿನ ಮೀನಿಗೆ ಬೇಡಿಕೆಯಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಕೊಳದ ನಿರ್ಮಾಣಕ್ಕೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ 40ರಷ್ಟು, ಮಹಿಳೆಯರಿಗೂ ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೂ ಶೇ 60ರಷ್ಟು ಸಹಾಯಧನದ ಅವಕಾಶವೂ ಇದೆ. ಆದರೆ ಸಹಾಯಧನವು ಅಗೆತದ ಖರ್ಚನ್ನು ಹಂಚಿಕೊಳ್ಳಬಲ್ಲದೇ ಹೊರತು ಸೋರುವ ನೆಲವನ್ನು ಸೋರದಂತೆ ಮಾಡಲಾರದು. ಆದ್ದರಿಂದ ಜೆಸಿಬಿ ಯಂತ್ರ ಹೊಲಕ್ಕೆ ಇಳಿಯುವ ಮೊದಲೇ, ಈ ನೆಲವು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಷ್ಟು ನೀರನ್ನು ಉಳಿಸಿಕೊಳ್ಳಬಲ್ಲದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ತುಂಬಿ ತುಳುಕುವ ಹೊಂಡಗಳು ಎಲ್ಲ ಊರುಗಳಲ್ಲೂ ಸಿಗುತ್ತವೆ. ಮೀನು ಬದುಕಬೇಕಾದದ್ದು ವರ್ಷದ ಉಳಿದ ತಿಂಗಳುಗಳಲ್ಲಿ.

ಮೊದಲಿಗೆ ಜಾಗದ ಲೆಕ್ಕ. ಹತ್ತು ಗುಂಟೆ ಎಂದರೆ ಸುಮಾರು 1,012 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 32 ಮೀಟರ್ ಉದ್ದಗಲದ ಚೌಕ. ಇಷ್ಟೂ ನೆಲ ನೀರಾಗುತ್ತದೆ ಎಂದು ಭಾವಿಸುವುದೇ ಈ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಪಕ್ಕದ ಹೊಲದವರಿಗೆ ತೊಂದರೆಯಾಗದಂತೆ ಎಲ್ಲೆಯಿಂದ ಎರಡು ಮೀಟರ್ ಬಿಟ್ಟು, ನೆಲಮಟ್ಟದಿಂದ ಒಂದು ಮೀಟರ್ ಎತ್ತರದ ಏರಿ ಕಟ್ಟಿದರೆ, ಏರಿಯ ತಲೆ ಒಂದೂವರೆ ಮೀಟರ್ ಅಗಲವಿದ್ದು, ಒಳಬದಿ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್‌ನಂತೆ, ಹೊರಬದಿ ಒಂದೂವರೆ ಮೀಟರ್‌ನಂತೆ ಇಳಿಜಾರಾದಾಗ ಏರಿಯ ಬುಡವೇ ಐದು ಮೀಟರ್ ಅಗಲವನ್ನು ನುಂಗುತ್ತದೆ. ನಾಲ್ಕೂ ಕಡೆ ಹೀಗೆ ಕಳೆದು ಉಳಿಯುವುದು ನೆಲಮಟ್ಟದಲ್ಲಿ 18 ಮೀಟರ್ ಉದ್ದಗಲದ ಚೌಕ. ಅದನ್ನು ಒಂದು ಮೀಟರ್ ಆಳಕ್ಕೆ ಅಗೆದು ಏರಿಯ ಅರ್ಧದವರೆಗೆ ನೀರು ನಿಲ್ಲಿಸಿದರೆ ಒಂದೂವರೆ ಮೀಟರ್ ಆಳದ ಕೊಳವಾಗುತ್ತದೆ. ಅದರ ನೀರಿನ ಹರವು ಸುಮಾರು 400 ಚದರ ಮೀಟರ್, ಅಂದರೆ ನಾಲ್ಕು ಗುಂಟೆ, ಮತ್ತು ಅದರಲ್ಲಿ ಹಿಡಿಯುವ ನೀರು ಸುಮಾರು 4.4 ಲಕ್ಷ ಲೀಟರ್. ಹತ್ತು ಗುಂಟೆ ನೆಲ ನಾಲ್ಕು ಗುಂಟೆ ನೀರಾಗುವ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡದೆ ಮುಂದುವರಿದವರು, ಜಾಗ ಉಳಿಸುವ ಆಸೆಗೆ ಒಳಬದಿಯನ್ನು ಗೋಡೆಯಂತೆ ನೆಟ್ಟಗೆ ಕಡಿಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಬದಿ ಕುಸಿದು, ಕೊಳವೂ ಹೂಳಿನಿಂದ ತುಂಬಿ, ಏರಿಯೂ ಸೊರಗುತ್ತದೆ.

ಇನ್ನು ನೀರಿನ ಜಮಾ-ಖರ್ಚು. ಬಯಲುಸೀಮೆಯಲ್ಲಿ ತೆರೆದ ನೀರಿನಿಂದ ಆವಿಯಾಗುವ ಪ್ರಮಾಣವನ್ನು ದಿನಕ್ಕೆ ಸರಾಸರಿ 5 ಮಿಲಿಮೀಟರ್ ಎಂದು ಹಿಡಿದರೂ ಮೇಲಿನ ಕೊಳ ದಿನಕ್ಕೆ 2,000 ಲೀಟರ್ ಕಳೆದುಕೊಳ್ಳುತ್ತದೆ, ಬೇಸಿಗೆಯ ತುದಿಯಲ್ಲಿ ಇನ್ನೂ ಹೆಚ್ಚು. ಇದರ ಜೊತೆಗೆ ತಳದಿಂದಲೂ ಬದಿಗಳಿಂದಲೂ ಇಂಗುವ ನೀರು ದಿನಕ್ಕೆ 10 ಮಿಲಿಮೀಟರ್ ಇದ್ದರೆ ಮತ್ತೆ 4,000 ಲೀಟರ್ ಹೋಗುತ್ತದೆ. ಹೀಗೆ ದಿನಕ್ಕೆ 6,000 ಲೀಟರ್ ಮರಳಿ ತುಂಬುವ ಮೂಲ ಯಾವುದು ಎಂಬುದೇ ಮುಖ್ಯ ಪ್ರಶ್ನೆಯಾಗಿದ್ದು, ಹೆಚ್ಚಿನ ಕಡೆ ಅದಕ್ಕೆ ಸಿಗುವ ಉತ್ತರ ಕೊಳವೆಬಾವಿ.

ಕೊಳವೆಬಾವಿಯ ನೀರನ್ನು ರೈತರು ಇಂಚುಗಳಲ್ಲಿ ಹೇಳುತ್ತಾರೆ. ಬಾವಿ ಕೊರೆದ ದಿನ ವಿ ಆಕಾರದ ಕಚ್ಚುಳ್ಳ ತಗಡಿನ ಮೇಲೆ ನೀರನ್ನು ಹರಿಸಿ, ಕಚ್ಚಿನ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ಹರಿಯಿತು ಎಂದು ಅಳೆಯುವುದರಿಂದ ಈ ಮಾತು ಬಂದಿದೆ. ಲಂಬಕೋನದ ಕಚ್ಚಿನಲ್ಲಿ ಒಂದು ಇಂಚು ನೀರೆಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಅದರ ಎರಡರಷ್ಟಲ್ಲದೆ ಐದೂವರೆ ಪಟ್ಟಿಗೂ ಹೆಚ್ಚು, ಸುಮಾರು 2,900 ಲೀಟರ್. ಕಚ್ಚು ಮೇಲೆ ಹೋದಂತೆ ಅಗಲವಾಗುವುದೇ ಇದಕ್ಕೆ ಕಾರಣ, ಮತ್ತು ಇದೇ ಕಾರಣಕ್ಕೆ ಎರಡು ಇಂಚಿನಿಂದ ಒಂದೂವರೆ ಇಂಚಿಗೆ ಇಳಿದ ಬಾವಿ ತನ್ನ ನೀರಿನ ಅರ್ಧಕ್ಕೂ ಹೆಚ್ಚು ಪಾಲನ್ನು ಕಳೆದುಕೊಂಡಿರುತ್ತದೆ. ಎರಡು ಇಂಚು ನೀರು, ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಎಂಬ ಒಳ್ಳೆಯ ಸ್ಥಿತಿಯಲ್ಲೂ, ಬೇರೆ ಬೆಳೆಗೆ ಒಂದು ಹನಿಯನ್ನೂ ಕೊಡದೆ, ಮೇಲಿನ ಕೊಳವನ್ನು ತುಂಬಲು ಒಂದು ತಿಂಗಳು ಬೇಕಾಗುತ್ತದೆ; ತುಂಬಿದ ಮೇಲೂ ಪ್ರತಿದಿನ ಎರಡು ಗಂಟೆಯ ನೀರನ್ನು ಅದಕ್ಕೇ ಮೀಸಲಿಡಬೇಕಾಗುತ್ತದೆ. ಏಳರಲ್ಲಿ ಎರಡು ಗಂಟೆ ಎಂದರೆ ಸಣ್ಣ ಹಿಡುವಳಿಯ ಮಟ್ಟಿಗೆ ಬಹಳ ದೊಡ್ಡ ಪಾಲು. ಅಂತರ್ಜಲ ನೂರಾರು ಅಡಿ ಆಳಕ್ಕೆ ಇಳಿದಿರುವ ಸೀಮೆಯಲ್ಲಿ ಅದನ್ನು ಮೇಲೆತ್ತಿ ಸೋರುವ ಹೊಂಡಕ್ಕೆ ಸುರಿಯುವುದು ಆ ಮನೆಗೂ ಊರಿಗೂ ನಷ್ಟವೇ ಆದ್ದರಿಂದ, ಕೊಳವೆಬಾವಿಯೊಂದನ್ನೇ ನಂಬಿ ಮೀನುಕೊಳ ತೋಡುವುದನ್ನು ಸಮರ್ಥಿಸುವುದು ಕಷ್ಟ.

ಮಳೆನೀರಿನ ಲೆಕ್ಕವೂ ಕೊಂಚ ಕಠಿಣವಾದದ್ದೇ. ಒಂದು ಹೆಕ್ಟೇರ್ ಹೊಲದ ಮೇಲೆ 50 ಮಿಲಿಮೀಟರ್‌ನ ಜೋರು ಮಳೆ ಬಿದ್ದರೆ ಒಟ್ಟು ಐದು ಲಕ್ಷ ಲೀಟರ್ ನೀರಾಗುತ್ತದೆಯಾದರೂ ಕೆಂಪು ಮಣ್ಣು ಅದರ ಬಹುಪಾಲನ್ನು ಹೀರಿಕೊಳ್ಳುವುದರಿಂದ ಐದರಲ್ಲಿ ಒಂದು ಪಾಲು, ಅಂದರೆ ಒಂದು ಲಕ್ಷ ಲೀಟರ್ ಹರಿದು ಬಂದರೆ ಅದೇ ಹೆಚ್ಚು. ಅಂಥ ನಾಲ್ಕೈದು ಮಳೆಗಳು ಒಂದರ ಹಿಂದೆ ಒಂದು ಬಂದಾಗಲಷ್ಟೇ ನಾಲ್ಕು ಗುಂಟೆಯ ಕೊಳ ತುಂಬುತ್ತದೆ. ಆದ್ದರಿಂದ ನೆಲವನ್ನು ನೋಡಲು ಹೋದವರು ಆ ತುಂಡು ನೆಲದೊಳಗೆ ನಿಂತು ನೋಡಿದರೆ ಸಾಲದು. ಮೇಲುಗಡೆಯ ಎಷ್ಟು ಹೊಲಗಳ ನೀರು ಅಲ್ಲಿಗೆ ಇಳಿಯುತ್ತದೆ, ಆ ಹೊಲಗಳಿಗೆ ಬದು ಹಾಕಿ ನೀರನ್ನು ಈಗಾಗಲೇ ತಡೆದಿದ್ದಾರೆಯೇ, ಹಳ್ಳ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನೆಲ್ಲ ನಡೆದು ತಿಳಿಯಬೇಕು. ನೆಲದ ಇಳಿಜಾರನ್ನು ಕಣ್ಣಳತೆಯಿಂದ ನಿರ್ಧರಿಸುವ ಬದಲು, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಅಳೆಯುವುದು ಸುಲಭವೂ ಖಚಿತವೂ ಆಗಿದೆ. ನೂರು ಮೀಟರ್‌ಗೆ ಒಂದೆರಡು ಮೀಟರ್ ಇಳಿಯುವ ನೆಲ ಕೊಳಕ್ಕೆ ಅನುಕೂಲ. ತಗ್ಗಿನ ಕಡೆಗೆ ತೂಬು ಇಟ್ಟು, ಪಂಪಿನ ಹಂಗಿಲ್ಲದೆ ಕೊಳವನ್ನು ಬರಿದು ಮಾಡಿ ಮೀನು ಹಿಡಿಯಬಹುದು, ತಳವನ್ನು ಒಣಗಿಸಬಹುದು.

ಮಣ್ಣಿನ ಪರೀಕ್ಷೆಗೆ ಬೇಕಾದದ್ದು ಹಾರೆ, ಬಕೆಟ್ಟು ಮತ್ತು ಎರಡು ದಿನಗಳ ತಾಳ್ಮೆ. ಕೊಳ ಬರಲಿರುವ ಜಾಗದಲ್ಲಿ ಕನಿಷ್ಠ ಮೂರು ಕಡೆ, ಉದ್ದೇಶಿತ ತಳಕ್ಕಿಂತ ಒಂದು ಮೀಟರ್ ಹೆಚ್ಚು ಆಳಕ್ಕೆ ಗುಂಡಿ ತೋಡಿ, ಪ್ರತಿ ಪದರದ ಮಣ್ಣನ್ನೂ ಬೇರೆ ಬೇರೆ ರಾಶಿಯಾಗಿ ಹಾಕಬೇಕು. ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ನಾದಿ ಉಂಡೆ ಕಟ್ಟಿ, ಎರಡು ಅಡಿ ಮೇಲಕ್ಕೆ ಎಸೆದು ಹಿಡಿದಾಗ ಅದು ಒಡೆಯದಿದ್ದರೆ ಅದರಲ್ಲಿ ಜೇಡಿಯ ಅಂಶವಿದೆ ಎಂದು ತಿಳಿಯಬಹುದು. ಇನ್ನಷ್ಟು ಖಚಿತವಾಗಿ ತಿಳಿಯಲು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಅಲುಗಿಸಿ ಇಟ್ಟರೆ, ಮರಳು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ಕೆಲವು ಗಂಟೆಗಳಲ್ಲಿ ನುಣುಪಾದ ಗೋಡು ಕೂರುತ್ತದೆ, ಜೇಡಿ ಮಾತ್ರ ಒಂದು ದಿನವಾದರೂ ಪೂರ್ತಿಯಾಗಿ ಇಳಿದಿರುವುದಿಲ್ಲ. ಪದರಗಳ ದಪ್ಪವನ್ನು ನೋಡಿ ಯಾವುದು ಎಷ್ಟಿದೆ ಎಂದು ಅಂದಾಜಿಸಬಹುದು. ಒಟ್ಟು ಮಣ್ಣಿನಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಜೇಡಿಯಿದ್ದರೆ ಅದು ಏರಿಗೂ ತಳಕ್ಕೂ ಒದಗುವ ಮಣ್ಣು.

ಆದರೂ ಕೊನೆಯ ತೀರ್ಪು ನೀರಿನದೇ. ತೋಡಿದ ಗುಂಡಿಯಲ್ಲಿ ಬೆಳಿಗ್ಗೆ ಅಂಚಿನವರೆಗೆ ನೀರು ತುಂಬಿಸಿ, ಸಂಜೆ ಇಳಿದಷ್ಟನ್ನು ಮತ್ತೆ ತುಂಬಿ, ಸೊಪ್ಪುಸದೆಯಿಂದ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ನೋಡಿದಾಗ ನೀರಿನ ಬಹುಭಾಗ ಉಳಿದಿದ್ದರೆ ಆ ನೆಲ ಕೊಳಕ್ಕೆ ಒಪ್ಪುತ್ತದೆ ಎಂದರ್ಥ. ಮೊದಲ ಹಗಲು ಇಳಿಯುವ ನೀರು ಒಣಗಿದ ಮಣ್ಣು ಕುಡಿದ ನೀರಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ರಾತ್ರಿಯಲ್ಲಿ ಇಳಿದದ್ದೇ ನಿಜವಾದ ಸೋರಿಕೆ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡುವುದು ಲೇಸು, ಏಕೆಂದರೆ ಮಳೆಗಾಲದಲ್ಲಿ ನೆನೆದ ನೆಲ ತನ್ನ ದೋಷವನ್ನು ಮರೆಸುತ್ತದೆ. ತಗ್ಗಿನ ಗದ್ದೆಬಯಲಿನಲ್ಲಿ ಗುಂಡಿಗೆ ತಾನಾಗಿ ನೀರು ಊರುವುದೂ ಉಂಟು. ತುಂಗಭದ್ರಾ ಹಾಗೂ ಕಾವೇರಿ ಅಚ್ಚುಕಟ್ಟುಗಳಲ್ಲಿ ಜೌಗುಗಟ್ಟಿ ಬೆಳೆಗೆ ಒಲ್ಲದ ನೆಲಗಳಿಗೆ ಮೀನುಕೊಳ ಒಳ್ಳೆಯ ಉಪಯೋಗವೇ ಸರಿ, ಆದರೆ ಅಂಥ ಕೊಳವನ್ನು ಬರಿದು ಮಾಡಿ ಒಣಗಿಸುವುದು ಬಹಳ ಕಷ್ಟವೆಂಬುದನ್ನು ಮೊದಲೇ ತಿಳಿದಿರಬೇಕು.

ಬಯಲುಸೀಮೆಯ ಕೆಂಪು ನೆಲದಲ್ಲಿ ಇನ್ನೊಂದು ಅಪಾಯವಿದೆ, ಮತ್ತು ಅದು ಮಣ್ಣಿನ ದೋಷಕ್ಕಿಂತ ಮನುಷ್ಯನ ಅವಸರದಿಂದ ಬರುವಂಥದು. ಇಲ್ಲಿ ಮೇಲುಮಣ್ಣಿನ ಅಡಿಯಲ್ಲಿ ಅನೇಕ ಕಡೆ ಜೇಡಿ ಬೆರೆತ ಗಟ್ಟಿ ಪದರವಿದ್ದು, ಅದರ ಕೆಳಗೆ ಶಿಥಿಲಗೊಂಡ ಕಲ್ಲಿನ ಪುಡಿ, ಅಂದರೆ ಹಳ್ಳಿಗರು ಗರಸು ಎನ್ನುವ ಪದರ ಬರುತ್ತದೆ. ನೀರನ್ನು ಹಿಡಿಯುವುದು ಆ ನಡುವಿನ ಪದರ. ಗರಸಿನಲ್ಲಿ ನೀರು ನಿಲ್ಲದು. ಆಳ ಹೆಚ್ಚಿದಷ್ಟೂ ನೀರು ಹೆಚ್ಚು ಎಂಬ ನಂಬಿಕೆಯಿಂದ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಓಡುವ ಯಂತ್ರದಿಂದ ಇನ್ನೆರಡು ಅಡಿ ಅಗೆಸಿದಾಗ ಆ ಪದರ ಕಿತ್ತುಹೋಗಿ, ಕೊಳಕ್ಕೆ ತಳವೇ ಇಲ್ಲದಂತಾಗುತ್ತದೆ. ಮೀನಿನ ದೃಷ್ಟಿಯಿಂದಲೂ ಅತಿಯಾದ ಆಳ ಬೇಕಿಲ್ಲ: ಬಿಸಿಲು ಇಳಿಯುವಷ್ಟು ನೀರಿನಲ್ಲಿಯೇ ಮೀನಿನ ಆಹಾರವಾದ ಸೂಕ್ಷ್ಮ ಸಸ್ಯಗಳು ಬೆಳೆಯುವುದರಿಂದ ಒಂದೂವರೆಯಿಂದ ಎರಡು ಮೀಟರ್ ಆಳವೇ ಹಿತ, ಅದಕ್ಕಿಂತ ತೀರ ಕೆಳಗಿನ ನೀರು ತಣ್ಣಗೆ, ಆಮ್ಲಜನಕವಿಲ್ಲದೆ ನಿಷ್ಪ್ರಯೋಜಕವಾಗಿ ಉಳಿಯುತ್ತದೆ. ಪರೀಕ್ಷಾ ಗುಂಡಿಯಲ್ಲಿ ಗರಸು ಎಷ್ಟು ಆಳದಲ್ಲಿ ಕಂಡಿತೋ ಅದಕ್ಕಿಂತ ಒಂದು ಮೊಳವಾದರೂ ಮೇಲೆಯೇ ಅಗೆತವನ್ನು ನಿಲ್ಲಿಸುವುದು ಕ್ಷೇಮ.

ಉತ್ತರ ಕರ್ನಾಟಕದ ಎರೆಮಣ್ಣಿನ ಸ್ವಭಾವ ಬೇರೆ. ಒದ್ದೆಯಾದಾಗ ಉಬ್ಬಿ ನೀರನ್ನು ಚೆನ್ನಾಗಿ ಹಿಡಿಯುವ ಈ ಮಣ್ಣು ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಆದ್ದರಿಂದ ಇಲ್ಲಿ ಬದಿಗಳ ಇಳಿಜಾರು ಇನ್ನೂ ಮಂದವಾಗಿರಬೇಕು. ಮಲೆನಾಡು ಕರಾವಳಿಗಳ ಜಂಬಿಟ್ಟಿಗೆ ನೆಲ ರಂಧ್ರಮಯ ಮತ್ತು ಹುಳಿ. ಮೀನಿಗೆ ಹಿತವಾದ, ಕೊಂಚ ಕ್ಷಾರದ ಕಡೆಗಿರುವ ನೀರು ಅಲ್ಲಿ ಸಿಗಬೇಕಾದರೆ ಸುಣ್ಣ ಹಾಕದೆ ಉಪಾಯವಿಲ್ಲ. ಎಲ್ಲ ಸೀಮೆಗಳಲ್ಲೂ ಹುತ್ತಗಳಿರುವ ಜಾಗವನ್ನು ಅನುಮಾನದಿಂದಲೇ ನೋಡಬೇಕು, ಏಕೆಂದರೆ ಗೆದ್ದಲಿನ ಸುರಂಗಗಳು ನೆಲದೊಳಗೆ ದೂರದವರೆಗೆ ಹಬ್ಬಿ ನೀರಿಗೆ ಕಳ್ಳದಾರಿಯಾಗುತ್ತವೆ. ಏರಿ ಬರುವ ಜಾಗದಲ್ಲಿ ಮರದ ಬೇರುಗಳಿದ್ದರೆ ಅವು ಕೊಳೆತ ಮೇಲೆ ಆಗುವುದೂ ಅದೇ.

ಸ್ವಲ್ಪ ಸೋರುವ ನೆಲಕ್ಕೆ ಹಳೆಯ ಪರಿಹಾರವೊಂದಿದ್ದು, ಅದು ಇಂದಿಗೂ ಕೆಲಸಕ್ಕೆ ಬರುತ್ತದೆ: ಹತ್ತಿರದ ಕೆರೆಯ ಗೋಡುಮಣ್ಣನ್ನು ತಂದು ತಳಕ್ಕೂ ಒಳಬದಿಗೂ ಗೇಣು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ದನಗಳಿಂದಲೋ ರೋಲರಿನಿಂದಲೋ ತುಳಿಸಿ ಗಟ್ಟಿ ಮಾಡುವುದು. ತೀರ ಸೋರುವ ನೆಲಕ್ಕೆ ಪ್ಲಾಸ್ಟಿಕ್ ಹೊದಿಕೆಯೊಂದೇ ದಾರಿ. 2014-15ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೂಲಕ ರಾಜ್ಯದ ಮಳೆಯಾಶ್ರಿತ ಪ್ರದೇಶಗಳಲ್ಲಿ ಹೊದಿಕೆಯುಳ್ಳ ಕೃಷಿಹೊಂಡಗಳು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು, ಅವುಗಳಲ್ಲೇ ಮೀನನ್ನೂ ಸಾಕಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿದೆ. ಸಾಕಬಹುದು, ಆದರೆ ಎರಡರ ಉದ್ದೇಶವೂ ಬೇರೆಯೆಂಬುದನ್ನು ಮರೆಯಬಾರದು. ಕೃಷಿಹೊಂಡವನ್ನು ಕಡಿದಾಗಿ, ಆಳವಾಗಿ ತೋಡುವುದು ಮಳೆ ಕೈಕೊಟ್ಟಾಗ ಬೆಳೆಗೆ ನೀರು ಎತ್ತಲೆಂದು. ಬೆಳೆಗೆ ನೀರು ಬೇಕಾಗುವ ಹೊತ್ತೇ ಮೀನು ಬೆಳೆಯುವ ಹೊತ್ತೂ ಆಗಿರುತ್ತದೆ. ಪ್ಲಾಸ್ಟಿಕ್ಕಿನ ತಳದಲ್ಲಿ ಕೆಸರಿಲ್ಲದ ಕಾರಣ ಕೆಸರಿನ ಜೀವಿಗಳನ್ನು ತಿನ್ನುವ ಮೃಗಾಲ್, ಸಾಮಾನ್ಯ ಗೆಂಡೆಯಂಥ ಮೀನುಗಳಿಗೆ ಸಹಜ ಆಹಾರವೂ ಇರುವುದಿಲ್ಲ. ಬೆರಳುದ್ದ ದಾಟಿದ ದೊಡ್ಡ ಮರಿಗಳನ್ನು ಬಿಟ್ಟು, ಹೊರಗಿನ ಆಹಾರ ಕೊಟ್ಟು, ಐದಾರು ತಿಂಗಳಲ್ಲಿ ಹಿಡಿದು ಮುಗಿಸುವವರಿಗೆ ಮಾತ್ರ ಇದು ಹೊಂದುತ್ತದೆ.

ಕಾಗದಪತ್ರಗಳ ಮಾತು ಮಣ್ಣಿನಷ್ಟು ರುಚಿಸದಿದ್ದರೂ ಅಷ್ಟೇ ಮುಖ್ಯ. ಪಹಣಿಯಲ್ಲಿ ಖರಾಬು ಎಂದು ತೋರಿಸಿದ ಭಾಗವಿದೆಯೇ, ಇದ್ದರೆ ಅದು ಸಾಗುವಳಿಗೆ ಬಾರದ ಎ ಖರಾಬೋ, ಹಳ್ಳ, ದಾರಿ ಮೊದಲಾದ ಸಾರ್ವಜನಿಕ ಬಳಕೆಗೆ ಬಿಟ್ಟ ಬಿ ಖರಾಬೋ ಎಂದು ನೋಡಬೇಕು. ಬಿ ಖರಾಬಿನಲ್ಲಿ ಒಂದು ಗುದ್ದಲಿ ಮಣ್ಣನ್ನೂ ತೆಗೆಯುವ ಹಕ್ಕು ಜಮೀನಿನವರಿಗಿಲ್ಲ. ಪಾಲಾದ ನೆಲಕ್ಕೆ ಪೋಡಿಯಾಗಿ ಹದ್ದುಬಸ್ತು ಆಗಿರದಿದ್ದರೆ, ಏರಿ ಕಟ್ಟಿದ ಮೇಲೆ ಎಲ್ಲೆಯ ತಕರಾರು ಹುಟ್ಟುವುದು ಬಹುತೇಕ ಖಚಿತ. ಕಾನೂನಿಗಿಂತ ದೊಡ್ಡದಾದ ಇನ್ನೊಂದು ಹೊಣೆಯೂ ಇದೆ. ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ; ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನದನ್ನು ತುಂಬುವ ಸರಪಳಿಯಂತೆ ಹಿಂದಿನವರು ಅವುಗಳನ್ನು ಕಟ್ಟಿದ್ದಾರೆ. ಆ ಕೆರೆಗಳಿಗೆ ಹೋಗುವ ಕಾಲುವೆಯನ್ನು ಅಡ್ಡಗಟ್ಟಿ ನೂರು ಖಾಸಗಿ ಕೊಳಗಳು ಎದ್ದರೆ ಊರ ಕೆರೆ ಬರಿದಾಗುತ್ತದೆ, ಕೆರೆ ಬರಿದಾದ ಮೇಲೆ ಸುತ್ತಲ ಬಾವಿಗಳೂ ಬರಿದಾಗುತ್ತವೆ. ಹೊಲಗಳಿಂದ ಹರಿಯುವ ನೀರನ್ನು ಹಿಡಿದು, ತುಂಬಿ ಮಿಕ್ಕದ್ದನ್ನು ಕೋಡಿಯ ಮೂಲಕ ಅದೇ ಹಳ್ಳಕ್ಕೆ ಬಿಡುವ ಕೊಳವಷ್ಟೇ ಊರಿಗೆ ಒಪ್ಪುವ ಕೊಳ. ಆ ಕೋಡಿಗೆ ಜಾಲರಿ ಇರಲೇಬೇಕು, ಇಲ್ಲವಾದರೆ ಮೊದಲ ದೊಡ್ಡ ಮಳೆಗೆ ಮೀನೂ ಹಳ್ಳದ ಪಾಲಾಗುತ್ತದೆ.

ನೆರೆಹೊಲದಲ್ಲಿ ಏನು ಬೆಳೆಯುತ್ತಾರೆ ಎಂಬುದೂ ನೆಲದ ಪರೀಕ್ಷೆಯ ಭಾಗವೇ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಮೀನಿಗೆ ಅತಿ ಅಲ್ಪ ಪ್ರಮಾಣದಲ್ಲೂ ವಿಷವಾಗಿರುವುದರಿಂದ, ವಾರವಾರವೂ ಔಷಧಿ ಹೊಡೆಯುವ ಟೊಮೆಟೊ ತೋಟದ ತಗ್ಗಿನಲ್ಲಿ ಕೊಳ ಮಾಡಿದರೆ ಒಂದು ರಾತ್ರಿಯ ಮಳೆ ವರ್ಷದ ದುಡಿಮೆಯನ್ನು ತೇಲಿಸಿಬಿಡಬಹುದು. ಮನೆಯಿಂದ ಕಣ್ಣಿಗೆ ಬೀಳುವ ಜಾಗವಾದರೆ ಕಳ್ಳರಿಂದಲೂ ನೀರುಕಾಗೆಗಳಿಂದಲೂ ಕಾಯುವುದು ಸುಲಭ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ನಾಲ್ಕು ಗುಂಟೆಯ ನೀರು ಎಷ್ಟು ಮೀನು ಕೊಡುತ್ತದೆ? ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಮರಿಗಳೆಂಬ ವಾಡಿಕೆಯ ಲೆಕ್ಕದಲ್ಲಿ ಇಲ್ಲಿಗೆ ಮುನ್ನೂರು ಮರಿ ಸಾಕು. ಅವುಗಳಲ್ಲಿ ಮುಕ್ಕಾಲು ಪಾಲು ಉಳಿದು ವರ್ಷದಲ್ಲಿ ತಲಾ ಮುಕ್ಕಾಲು ಕಿಲೋ ತೂಗಿದರೆ ಸುಮಾರು 170 ಕಿಲೋ ಮೀನು. ಒಂದು ಮನೆಯ ಊಟಕ್ಕೂ ಊರಿನ ಮಾರಾಟಕ್ಕೂ ಇದು ಒದಗುತ್ತದೆ, ಸಂಸಾರವನ್ನು ಇದೊಂದೇ ನಡೆಸಲಾರದು. ಮರಿಗಳನ್ನು ವರ್ಷವರ್ಷವೂ ಹೊಸದಾಗಿ ತರಬೇಕು, ಏಕೆಂದರೆ ಮೇಲುನೀರಿನ ಕಾಟ್ಲಾ, ನಡುನೀರಿನ ರೋಹು, ತಳದ ಮೃಗಾಲ್ ಮೂರೂ ಮೂಲತಃ ಉತ್ತರದ ನದಿಗಳ ಮೀನುಗಳಾಗಿದ್ದು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನುಗಳನ್ನು ಮೊಟ್ಟೆಯಿಡಿಸಿದ ನಂತರವಷ್ಟೇ ಈ ಮೀನುಗಳ ಮರಿ ದೇಶದ ಎಲ್ಲ ಕಡೆಗೂ ಧಾರಾಳವಾಗಿ ಸಿಗುವಂತಾಯಿತು. ಮರಿಗಳು ಸಿಗುವ ಕಾಲ ಮಳೆಗಾಲ. ಆದ್ದರಿಂದ ಕೊಳ ಜೂನ್ ಹೊತ್ತಿಗೆ ಸಿದ್ಧವಿರಬೇಕಾದರೆ ನೆಲದ ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲೇ ಮುಗಿದಿರಬೇಕು. ಬೇಗ ಬೆಳೆಯುತ್ತದೆಂದು ಮಾರುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ, ಮತ್ತು ಅದು ಹಳ್ಳ ಸೇರಿದರೆ ಸ್ಥಳೀಯ ಮೀನುಗಳನ್ನೆಲ್ಲ ತಿಂದು ಮುಗಿಸುವ ಜಾತಿ. ಮಾರಾಟಕ್ಕಲ್ಲದೆ ಗಾಳ ಹಾಕುವ ಸಂತೋಷಕ್ಕಾಗಿಯೇ ಕೊಳ ಮಾಡಬಯಸುವವರೂ ಇದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮೀನಿನ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳದ ಕ್ರಮ ಇವುಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವುದನ್ನು ನೋಡಿದರೆ ಈ ನೆಲದಲ್ಲಿ ಆ ಸಂತೋಷ ಹಳೆಯದೇ. ಅಂಥ ಕೊಳಕ್ಕೂ ನೆಲದ ಪರೀಕ್ಷೆ ಇದೇ, ಮರಿಗಳ ಸಂಖ್ಯೆ ಮಾತ್ರ ಇನ್ನೂ ಕಡಿಮೆ.

ನೆಲ ಒಪ್ಪದಿದ್ದರೆ ಒಪ್ಪಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಷ್ಟವೇನಿಲ್ಲ. ಅನೇಕ ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಸಣ್ಣ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಹರಾಜಿಗೆ ಇಡುತ್ತವೆ. ನಾಲ್ಕಾರು ಮನೆಯವರು ಸೇರಿ ಅದನ್ನು ಪಡೆದರೆ ಅಗೆಯದೆಯೇ ಮೀನು ಸಾಕಬಹುದು.

ಒಪ್ಪಿದ ನೆಲದಲ್ಲಿ, ಅಂದಾಜುಪಟ್ಟಿಯ ಮೊದಲ ಸಾಲಿನಲ್ಲೇ ಬೇಲಿಯ ಖರ್ಚು ಬರಬೇಕು. ಹೊಂಡಗಳಿಗೆ ಬಿದ್ದು ಮಕ್ಕಳು ಸತ್ತ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಪ್ಲಾಸ್ಟಿಕ್ ಹೊದಿಸಿದ ಕಡಿದಾದ ಬದಿಯಲ್ಲಿ ಕಾಲು ಊರಲು ಏನೂ ಸಿಗದ ಕಾರಣ ಈಜು ಬಲ್ಲವರೂ, ಮಕ್ಕಳನ್ನು ಎತ್ತಲು ಇಳಿದವರೂ ಮೇಲೆ ಬರಲಾರದೆ ಮುಳುಗಿದ್ದಾರೆ. ನಾಲ್ಕೂ ಬದಿಗೆ ಆಳೆತ್ತರದ ತಂತಿಬೇಲಿ, ಬೀಗವಿರುವ ಬಾಗಿಲು, ಏರಿಯ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಟ್ಟ ಗಂಟುಹಾಕಿದ ದಪ್ಪ ಹಗ್ಗ, ತೇಲುವ ಟ್ಯೂಬು, ಒಂದು ಮೂಲೆಯಲ್ಲಾದರೂ ಮೆಟ್ಟಿಲು ಇವೆಲ್ಲಕ್ಕೂ ಜಾಗ ಮತ್ತು ಹಣ ಉಳಿಯುವುದಿಲ್ಲವಾದರೆ, ಎಷ್ಟೇ ಒಳ್ಳೆಯ ಜೇಡಿಮಣ್ಣಿದ್ದರೂ ಆ ಹತ್ತು ಗುಂಟೆ ಕೊಳಕ್ಕೆ ಸಾಲದ ಜಾಗವೆಂದೇ ತಿಳಿಯಬೇಕು.